ಒಂದು ಪಾರ್ಸಲ್‌ಗೆ ಎಷ್ಟು ಫೋನ್ ಕರೆ?

(ಬೆಳಗಾವಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ನಿಮ್ಮಲ್ಲಿ ಹಲವರು ಈ ಸಲದ ಪ್ರಾಜೆಕ್ಟ್‌ಗೆ ಪಾರ್ಸಲ್ ಡೆಲಿವರಿ ಆ್ಯಪ್ ತಗೊಂಡಿದ್ದೀರಿ ಎಂದು ನಿಮ್ಮ ಸರ್ ಹೇಳಿದರು. ಕೆಲವರ ಸ್ಕ್ರೀನ್‌ಗಳನ್ನು ನೋಡಿದೆ. ಚೆನ್ನಾಗಿವೆ. ಬಣ್ಣ ಹೊಂದಿಕೊಂಡಿದೆ, ನಕ್ಷೆಯ ಮೇಲೆ ಪುಟ್ಟ ಬೈಕ್ ಓಡುತ್ತದೆ. ನನ್ನದು ಒಂದೇ ಪ್ರಶ್ನೆ. ನಿಮ್ಮ ಆ್ಯಪ್‌ನಲ್ಲಿ ಬುಕ್ ಆದ ಒಂದು ಪಾರ್ಸಲ್ ಮನೆ ಮುಟ್ಟುವುದರೊಳಗೆ ಎಷ್ಟು ಫೋನ್ ಕರೆ ಆಗುತ್ತವೆ?

ಎಣಿಸಿ ನೋಡೋಣ. ಕಳಿಸುವವರು ಮೊದಲು ಕೇಳುತ್ತಾರೆ, "ಬೆಂಗಳೂರಿಗೆ ಎಷ್ಟ ತಗೋತೀರಿ?" ಬುಕ್ ಮಾಡಿದ ಮೇಲೆ ಪಡೆಯುವವರಿಗೆ ಹೇಳುತ್ತಾರೆ, "ಕಳಿಸೀನಿ, ನಾಳೆ ಬರತೈತಿ ನೋಡು." ಮರುದಿನ ಆ ಕಡೆಯವರು ಕಚೇರಿಗೆ ಮಾಡುತ್ತಾರೆ, "ನಮ್ಮ ಪಾರ್ಸಲ್ ಎಲ್ಲಿಗೆ ಬಂತ್ರಿ?" ಆಮೇಲೆ ಡೆಲಿವರಿ ಹುಡುಗ, "ಮನಿ ಎಲ್ಲಿ ಬರತೈತ್ರಿ?" ಐದು ನಿಮಿಷ ಬಿಟ್ಟು ಅವನೇ, "ಗುಡಿ ಹತ್ರ ನಿಂತೀನ್ರಿ, ಯಾವ ಕಡೆ ಹೊಳ್ಳಲಿ?" ಓಟಿಪಿಗಾಗಿ ಇನ್ನೊಂದು. ಎಲ್ಲ ಮುಗಿದ ಮೇಲೆ ಕಳಿಸಿದವರದು, "ಮುಟ್ಟಿತಾ?" ಏಳು ಕರೆ. ಕೊನೆಯದನ್ನು ಬಿಡಿ, ಅದು ತಾಯಿ ಮಗನ ಮಾತು, ಅದರಲ್ಲಿ ನಾವು ಕೈ ಹಾಕುವುದು ಬೇಡ. ಉಳಿದ ಒಂದೊಂದು ಕರೆಯೂ ಆ್ಯಪ್ ಹೇಳಬೇಕಿದ್ದ, ಹೇಳದೆ ಉಳಿದ ಒಂದೊಂದು ವಿಷಯ. ಇವತ್ತು ಈ ಕರೆಗಳ ಬೆನ್ನು ಹತ್ತೋಣ.

ಅದಕ್ಕೂ ಮೊದಲು, ನಿಮ್ಮ ಆ್ಯಪ್‌ಗೆ ಸ್ಪರ್ಧಿ ಯಾರು ಗೊತ್ತಾ? ದೊಡ್ಡ ಕಂಪನಿಗಳ ಆ್ಯಪ್ ಅಂತ ನೀವು ಅಂದುಕೊಂಡಿರುತ್ತೀರಿ. ನನ್ನ ಪ್ರಕಾರ ರಾತ್ರಿ ಬಸ್ಸು. ಇಲ್ಲಿಂದ ಬೆಂಗಳೂರಿಗೋ ಪುಣೆಗೋ ಹೊರಡುವ ಬಸ್ಸಿನ ಹತ್ತಿರ ಹೋಗಿ ನಿಲ್ಲಿ. ಒಬ್ಬರು ಡಬ್ಬಿ ತರುತ್ತಾರೆ. ಅದರ ಮೇಲೆ ಮಾರ್ಕರ್‌ನಲ್ಲಿ ಒಂದು ಹೆಸರು, ಒಂದು ಊರು, ಎರಡು ಮೊಬೈಲ್ ನಂಬರ್. ದುಡ್ಡು ಕೊಟ್ಟರು, ಗಾಡಿ ನಂಬರ್ ಬರೆದುಕೊಂಡರು, ಮುಗಿಯಿತು. ಖಾತೆ ತೆರೆಯಬೇಕಿಲ್ಲ, ಪಾಸ್‌ವರ್ಡ್ ಇಲ್ಲ. 2021ರ ಫೆಬ್ರವರಿಯಲ್ಲಿ ಕೆಎಸ್‌ಆರ್‌ಟಿಸಿ 'ನಮ್ಮ ಕಾರ್ಗೋ' ಶುರು ಮಾಡಿದ್ದು ಬಸ್ಸಿನಲ್ಲಿ ಪಾರ್ಸಲ್ ಕಳಿಸುವ ಈ ರೂಢಿಯನ್ನು ನಂಬಿಯೇ. ಡಬ್ಬಿ ಮತ್ತು ಮಾರ್ಕರ್‌ಗಿಂತ ನಿಮ್ಮ ಆ್ಯಪ್ ಕಷ್ಟ ಅನಿಸಿದರೆ ಜನ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ.

ಬಸ್ಸಿನ ಮಾತು ಬಂತಲ್ಲ, ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಬೆಳಗಾವಿ, ಬಾಗಲಕೋಟೆಯ ಬಸ್ಸುಗಳು ವಾಯುವ್ಯ ಕರ್ನಾಟಕ ಸಾರಿಗೆಯವು. ವಿಜಯಪುರದವು ಕಲ್ಯಾಣ ಕರ್ನಾಟಕ ಸಾರಿಗೆಯವು. ಒಂದರ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ, ಇನ್ನೊಂದರದು ಕಲಬುರಗಿಯಲ್ಲಿ. ಬಸ್ ಹತ್ತುವವರಿಗೆ ಇದೆಲ್ಲ ಬೇಕಾ? ಬೋರ್ಡಿನಲ್ಲಿ ಊರ ಹೆಸರಿದ್ದರೆ ಸಾಕು. ಆದರೆ ಪಾರ್ಸಲ್ ಆ್ಯಪ್‌ಗಳಲ್ಲಿ ವಲಯ ಆರಿಸಿ, ಶಾಖೆ ಕೋಡ್ ಹಾಕಿ ಅಂತ ಕೇಳುತ್ತಾರೆ. ಕಚೇರಿಯೊಳಗಿನ ವಿಭಾಗಗಳನ್ನೆಲ್ಲ ಹಾಗೇ ತಂದು ಸ್ಕ್ರೀನ್ ಮೇಲೆ ಇಟ್ಟಿರುತ್ತಾರೆ. ಪಿನ್‌ಕೋಡ್ ಗೊತ್ತಾದರೆ ಇದೆಲ್ಲ ಆ್ಯಪ್‌ಗೇ ಗೊತ್ತಾಗುತ್ತದೆ. ಗೊತ್ತಿರುವುದನ್ನು ಕೇಳಬೇಡಿ.

ಈಗ ಮೊದಲ ಕರೆ, ದರದ್ದು. ಎಷ್ಟೋ ಆ್ಯಪ್‌ಗಳಲ್ಲಿ ಹೆಸರು, ವಿಳಾಸ, ಇಮೇಲ್ ಎಲ್ಲ ತುಂಬಿದ ಮೇಲೆಯೇ ದರ ಕಾಣುವುದು. ಎಲ್ಲಿಂದ, ಎಲ್ಲಿಗೆ, ಎಷ್ಟು ದೊಡ್ಡದು, ಎಷ್ಟು ತೂಕ. ಇಷ್ಟು ಕೇಳಿ ತೆರಿಗೆ ಸೇರಿಸಿ ಮೊತ್ತ ತೋರಿಸಿಬಿಡಿ. ಲಾಗಿನ್ ಆಮೇಲೆ.

'ಎಷ್ಟು ದೊಡ್ಡದು' ಎಂಬುದರಲ್ಲಿ ನಮ್ಮ ಕಡೆಗೇ ಸೇರಿದ ಒಂದು ಪೇಚಿದೆ. ವಿಜಯಪುರದ ತಾಯಿಯೊಬ್ಬಳು ಬೆಂಗಳೂರಿನ ಮಗನಿಗೆ ಕಡಕ್ ರೊಟ್ಟಿ ಕಳಿಸುತ್ತಾಳೆ ಅಂದುಕೊಳ್ಳಿ. ಜೊತೆಗೆ ಶೇಂಗಾ ಹಿಂಡಿ. ತೂಕ ಮೂರೇ ಕೆ.ಜಿ. ರೊಟ್ಟಿ ಒಡೆಯಬಾರದು ಅಂತ ದೊಡ್ಡ ಬಾಕ್ಸ್, 40 ಸೆಂ.ಮೀ. ಉದ್ದ, 40 ಅಗಲ, 25 ಎತ್ತರ. ಕೊರಿಯರ್‌ನವರು ಮೂರನ್ನೂ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 40,000 ಭಾಗಿಸು 5000, ಎಂಟು. ನಿಜವಾದ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದರ. ಮೂರು ಕೆ.ಜಿ. ರೊಟ್ಟಿಗೆ ಎಂಟು ಕೆ.ಜಿ. ದುಡ್ಡು! ಲಾರಿಯಲ್ಲಿ ಜಾಗ ಹಿಡಿಯುವುದು ಗಾತ್ರ, ಹಾಗಾಗಿ ಲೆಕ್ಕ ಅನ್ಯಾಯದ್ದಲ್ಲ. ಆದರೆ ಆ್ಯಪ್‌ನಲ್ಲಿ ಮೂರು ಕೆ.ಜಿ.ಯ ದರ ತೋರಿಸಿ, ಕೌಂಟರ್‌ನಲ್ಲಿ ಎಂಟರ ದರ ಕೇಳಿದರೆ ಆ ತಾಯಿಗೆ ಏನನಿಸುತ್ತದೆ? ಮೋಸ ಅನಿಸುತ್ತದೆ. ಅಲ್ಲೇ ನಂಬಿಕೆ ಹೋಯಿತು.

ಹಾಗಾಗಿ ಗಾತ್ರ ಕೇಳಲೇಬೇಕು. ಹೇಗೆ ಕೇಳುತ್ತೀರಿ? ಸೆಂಟಿಮೀಟರ್ ಹಾಕಿ ಅಂದರೆ ಮನೆಯಲ್ಲಿ ಟೇಪ್ ಹುಡುಕುವವರು ಯಾರು? ಚಿತ್ರ ಕೊಡಿ. ಚಪ್ಪಲಿ ಡಬ್ಬಿಯಷ್ಟು, ಮಿಕ್ಸರ್ ಡಬ್ಬಿಯಷ್ಟು, ಸೂಟ್‌ಕೇಸ್‌ನಷ್ಟು. ಒಂದನ್ನು ಮುಟ್ಟಿದ ಕೂಡಲೇ 'ನಿಮ್ಮ ಡಬ್ಬಿ ದೊಡ್ಡದು, ಅದಕ್ಕೆ 8 ಕೆ.ಜಿ. ದರ ಬೀಳುತ್ತದೆ, ಚಿಕ್ಕ ಡಬ್ಬಿಯಾದರೆ ಕಡಿಮೆ' ಎಂದು ಒಂದು ಸಾಲು ಬರಲಿ. ಅವರು ಡಬ್ಬಿ ಬದಲಿಸುತ್ತಾರೆ, ಇಲ್ಲವೇ ಒಪ್ಪಿ ದುಡ್ಡು ಕೊಡುತ್ತಾರೆ. ಎರಡೂ ಸರಿಯೇ.

ವ್ಯಾಪಾರಿಗಳ ಪಾಡೇ ಬೇರೆ. ಇಳಕಲ್ಲಿನ ಸೀರೆ ಅಂಗಡಿ, ಗುಳೇದಗುಡ್ಡದ ಖಣದ ವ್ಯಾಪಾರಿ, ಇಲ್ಲೇ ಉದ್ಯಮಬಾಗದ ಫೌಂಡ್ರಿ. ಇವರೆಲ್ಲ ಕಳಿಸುವುದು ಹೆಚ್ಚಾಗಿ ಅದೇ ಹತ್ತಿಪ್ಪತ್ತು ಊರುಗಳಿಗೆ, ಅದೇ ಅಂಗಡಿಗಳಿಗೆ. ಇವರಿಗೆ ಬೇಕಿರುವುದು 'ಹಿಂದಿನ ಬುಕಿಂಗ್ ಮತ್ತೆ ಮಾಡು' ಎಂಬ ಒಂದು ಗುಂಡಿ. ಇನ್ನೊಂದು ಮಾತು. ಟ್ರಾನ್ಸ್‌ಪೋರ್ಟ್ ಕಚೇರಿಗೆ ಹೋದರೆ ಮೊದಲು ಕೇಳುವುದೇ 'ಪೇಡ್ ಏನು, ಟು ಪೇ ಏನು?' ಬಾಡಿಗೆ ಕಳಿಸುವವರು ಕೊಡುತ್ತಾರಾ, ಬಿಡಿಸಿಕೊಳ್ಳುವವರು ಕೊಡುತ್ತಾರಾ ಅಂತ. ಮಾರ್ಕೆಟ್‌ನಲ್ಲಿ ಟು ಪೇ ಎಷ್ಟು ರೂಢಿ ಅಂದರೆ, ಅದಿಲ್ಲದ ಆ್ಯಪ್ ಅಂಗಡಿಯವರಿಗೆ ಕೆಲಸಕ್ಕೇ ಬಾರದು. ನಿಮ್ಮ ಯಾವ ಪ್ರಾಜೆಕ್ಟ್‌ನಲ್ಲೂ ನನಗದು ಕಾಣಲಿಲ್ಲ. ಮಾಲಿನ ಬೆಲೆಯನ್ನೂ ಕೇಳಿ. 50,000 ರೂಪಾಯಿ ದಾಟಿದರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ ಬೇಕು. ಅದನ್ನು ಬುಕಿಂಗ್ ಹೊತ್ತಿಗೇ ಹೇಳಿ. ಗಾಡಿಯನ್ನು ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದ ಮೇಲೆ ಫೋನ್ ಬಂದರೆ ಯಾರಿಗೂ ಪ್ರಯೋಜನವಿಲ್ಲ.

ಈಗ ವಿಳಾಸ. ಜಾಸ್ತಿ ಹೊತ್ತು ಇಲ್ಲೇ ನಿಲ್ಲುತ್ತೇನೆ, ಯಾಕೆಂದರೆ ಏಳರಲ್ಲಿ ಎರಡು ಕರೆ ಇದರವೇ.

ನಿಮ್ಮ ಫಾರಂ ಎಲ್ಲ ಒಂದೇ ಥರ ಇವೆ. ಮನೆ ನಂಬರ್, ರಸ್ತೆ, ಬಡಾವಣೆ, ನಗರ, ರಾಜ್ಯ, ಪಿನ್‌ಕೋಡ್. ಈ ಫಾರಂ ಬಾಗಲಕೋಟೆಯ ನವನಗರದಲ್ಲಿ ಚೆನ್ನಾಗಿ ನಡೆಯುತ್ತದೆ. ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗಾಗಿ ನಕ್ಷೆ ಹಾಕಿ ಕಟ್ಟಿದ ಊರು ಅದು. ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಹೇಳಿದರೆ ಹೊಸಬನೂ ಹೋಗಿ ಮುಟ್ಟುತ್ತಾನೆ. ಹಳೆ ಬಾಗಲಕೋಟೆಯ ಓಣಿಗಳಲ್ಲಿ ಅದೇ ಫಾರಂ ತಡವರಿಸುತ್ತದೆ. ಮುಳುಗಡೆಯಾದ ಹಳ್ಳಿಗಳದು ಇನ್ನೊಂದು ಕಥೆ. ಹಳೇ ಊರಿನ ಹೆಸರೇ ಪುನರ್ವಸತಿ ಕೇಂದ್ರಕ್ಕೂ ಇರುತ್ತದೆ, ಕೆಲವು ಕಡೆ ಹಳೇ ಊರಿನಲ್ಲೂ ಜನ ಉಳಿದಿರುತ್ತಾರೆ. ಒಂದು ಹೆಸರು, ಎರಡು ಜಾಗ. ಬೆಳಗಾವಿಯಲ್ಲೇ ನೋಡಿ, ತಿಲಕವಾಡಿಯವರನ್ನು ಮನೆ ಎಲ್ಲಿ ಅಂತ ಕೇಳಿದರೆ ಕ್ರಾಸ್, ಮೇನ್ ಅನ್ನುತ್ತಾರಾ? 'ಸೆಕೆಂಡ್ ಗೇಟ್ ಹತ್ರ' ಅನ್ನುತ್ತಾರೆ. ರೈಲ್ವೆ ಗೇಟೇ ಅವರ ವಿಳಾಸ.

ಎಲ್ಲಕ್ಕಿಂತ ಕಷ್ಟದ್ದು ತೋಟದ ಮನೆ. ಅಥಣಿ, ರಾಯಬಾಗ, ಮುಧೋಳ, ಜಮಖಂಡಿ ಕಡೆಯವರು ಇಲ್ಲಿ ಕೂತಿದ್ದರೆ ನಗುತ್ತಿರುತ್ತಾರೆ. ಊರು ಬಿಟ್ಟು ಎಷ್ಟೋ ದೂರ, ಹೊಲದ ನಡುವೆ ಮನೆ. ರಸ್ತೆಗೆ ಹೆಸರಿಲ್ಲ, ಮನೆಗೆ ನಂಬರ್ ಇದ್ದರೂ ಯಾರಿಗೂ ಗೊತ್ತಿಲ್ಲ. ವಿಳಾಸ ಏನು? 'ಕೆನಾಲ್ ದಾಟಿ ಬರ್ರಿ, ಎಡಕ್ಕ ಒಂದು ಬಾಂವಿ ಕಾಣತೈತಿ, ಅಲ್ಲಿಂದ ಕಬ್ಬಿನ ಬದು ಹಿಡದು ಬಂದ್ರ ಮೂರನೇ ಮನಿ.' ನಿಮ್ಮ ಫಾರಂನ ಯಾವ ಖಾನೆಯಲ್ಲಿ ಇದನ್ನು ತುಂಬುತ್ತೀರಿ? ಆದರೂ ಇದು ಪಕ್ಕಾ ವಿಳಾಸ. ಇದನ್ನು ಕೇಳಿದವನು ದಾರಿ ತಪ್ಪುವುದಿಲ್ಲ.

ಹಾಗಾದರೆ ಇದನ್ನೇ ತಗೊಳ್ಳಿ. ಮೈಕ್ ಗುಂಡಿ ಇಡಿ. ಪಡೆಯುವವರು ಅರ್ಧ ನಿಮಿಷ ಮಾತಾಡಲಿ. ಅದನ್ನು ಅಕ್ಷರಕ್ಕೆ ಇಳಿಸುವ ಸಾಹಸ ಬೇಡ, ಧ್ವನಿಯನ್ನೇ ಇಟ್ಟುಕೊಂಡು ಡೆಲಿವರಿ ಹುಡುಗನಿಗೆ ಕೇಳಿಸಿ. ಅವನು ಫೋನ್ ಮಾಡಿ ಕೇಳುತ್ತಿದ್ದದ್ದು ಇದನ್ನೇ ಅಲ್ವಾ? ಒಂದು ಸಲ ಹೇಳಿದ್ದು ಹತ್ತು ಪಾರ್ಸಲ್‌ಗೆ ಬರುತ್ತದೆ.

ಇಲ್ಲೊಂದು ತೊಡಕಿದೆ. ಬುಕ್ ಮಾಡುವವರು ಕಳಿಸುವವರು, ದಾರಿ ಗೊತ್ತಿರುವುದು ಪಡೆಯುವವರಿಗೆ. ಬೆಂಗಳೂರಿನಲ್ಲಿ ಕೂತವನಿಗೆ ನಕ್ಷೆಯ ಮೇಲೆ ಮನೆ ಗುರುತಿಸಿ ಅಂದರೆ ಅಂದಾಜಿನ ಮೇಲೆ ಎಲ್ಲೋ ಒತ್ತುತ್ತಾನೆ. ಅದಕ್ಕೆ ಪಡೆಯುವವರಿಗೇ ವಾಟ್ಸ್ಆ್ಯಪ್‌ನಲ್ಲಿ ಒಂದು ಲಿಂಕ್ ಹೋಗಲಿ. ಆ್ಯಪ್ ಹಾಕಿಕೊಳ್ಳಿ ಅಂತ ಗಂಟು ಬೀಳಬೇಡಿ, ವರ್ಷಕ್ಕೆ ಎರಡು ಪಾರ್ಸಲ್ ಪಡೆಯುವವರು ಯಾಕೆ ಹಾಕಿಕೊಳ್ಳುತ್ತಾರೆ? ಲಿಂಕ್ ಒತ್ತಿದರೆ ಪುಟ ತೆರೆಯಬೇಕು. 'ಮನೆ ಮುಂದೆ ನಿಂತು ಇದನ್ನು ಒತ್ತಿ' ಅಂತ ಒಂದು ಗುಂಡಿ, ಪಕ್ಕದಲ್ಲಿ ಮೈಕ್. ಅಷ್ಟೇ. ಅದೂ ಆಗದಿದ್ದರೆ ಮೊದಲ ಸಲ ಹುಡುಗ ಹೇಗೋ ಮುಟ್ಟುತ್ತಾನಲ್ಲ, ಪಾರ್ಸಲ್ ಕೊಟ್ಟ ಆ ಕ್ಷಣದಲ್ಲಿ ಅವನ ಫೋನಿನ ಜಿಪಿಎಸ್ ಜಾಗವನ್ನು ಆ ವಿಳಾಸಕ್ಕೆ ಜೋಡಿಸಿಡಿ. ಬಯಲು ಜಾಗದಲ್ಲಿ ಜಿಪಿಎಸ್ ಕೆಲವೇ ಮೀಟರ್ ಆಚೀಚೆ ತೋರಿಸುತ್ತದೆ. ಮುಂದಿನ ಸಲ ಬೇರೆ ಹುಡುಗ ಬಂದರೂ ದಾರಿ ಇರುತ್ತದೆ.

ಪಿನ್‌ಕೋಡ್ ಸಾಕಾಗಲ್ವಾ ಅಂತ ಒಬ್ಬರು ಆಗಲೇ ಕೇಳಿದಿರಿ. 1972ರ ಆಗಸ್ಟ್ 15ರಂದು ಬಂದ ವ್ಯವಸ್ಥೆ ಅದು. ಆರು ಅಂಕಿ ಸೇರಿ ಒಂದು ಅಂಚೆ ಕಚೇರಿಯನ್ನು ತೋರಿಸುತ್ತವೆ, ಮನೆಯನ್ನಲ್ಲ. ಒಂದೇ ಪಿನ್ ಕೆಳಗೆ ಹಲವು ಹಳ್ಳಿ ಇರುತ್ತವೆ. ಆದರೂ ಫಾರಂನಲ್ಲಿ ಅದನ್ನೇ ಎಲ್ಲಕ್ಕಿಂತ ಮೇಲೆ ಇಡಿ. 587101 ಅಂತ ಹಾಕಿದ ಕೂಡಲೇ ಬಾಗಲಕೋಟೆ, ಕರ್ನಾಟಕ ತಾನಾಗಿ ತುಂಬಿಕೊಳ್ಳಲಿ, ಅದರ ಕೆಳಗೆ ಬರುವ ಊರುಗಳ ಪಟ್ಟಿ ಬರಲಿ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ. ಇಡೀ ದೇಶವನ್ನು ಸುಮಾರು 4 ಮೀಟರ್ ಚೌಕಗಳಾಗಿ ಭಾಗಿಸಿ, ಪ್ರತಿ ಚೌಕಕ್ಕೂ ಹತ್ತು ಅಕ್ಷರ-ಅಂಕಿಯ ಗುರುತು ಕೊಟ್ಟಿದ್ದಾರೆ. ತೋಟದ ಮನೆಗೆ ಹೇಳಿ ಮಾಡಿಸಿದಂತಿದೆ. ಆದರೆ ಅದನ್ನು ಜನ ಬಾಯಲ್ಲಿ ಹೇಳುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಆ್ಯಪ್ ಒಳಗೆ ಇಟ್ಟುಕೊಳ್ಳಲಿ, ಜನರಿಗೆ ಕಬ್ಬಿನ ಬದುವೇ ಸಾಕು.

ಊರ ಹೆಸರಿನ ಬಗ್ಗೆ ಒಂದೇ ಮಾತು. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬೆಳಗಾವಿ, ವಿಜಯಪುರ. ಆದರೆ ಹಳೆಯ ಬಿಲ್ ಬುಕ್‌ಗಳಲ್ಲಿ ಬೆಲ್ಗಾಂ, ಬಿಜಾಪುರ ಇನ್ನೂ ಇವೆ. ಹೇಗೆ ಟೈಪ್ ಮಾಡಿದರೂ ಊರು ಸಿಗಬೇಕು. ವಿಜಯಪುರ ಅಂದರೆ ದೇವನಹಳ್ಳಿ ಪಕ್ಕದಲ್ಲೂ ಒಂದಿದೆ, ಬಿಜಾಪುರ ಅಂದರೆ ಛತ್ತೀಸ್‌ಗಢದಲ್ಲೂ ಒಂದಿದೆ. ಹೆಸರಿನ ಪಕ್ಕ ಜಿಲ್ಲೆ, ರಾಜ್ಯ ತೋರಿಸದಿದ್ದರೆ ದ್ರಾಕ್ಷಿ ಡಬ್ಬಿ ದೇವನಹಳ್ಳಿ ನೋಡಿಕೊಂಡು ಬರುತ್ತದೆ.

ಇನ್ನು ಡೆಲಿವರಿ ಹುಡುಗನ ಆ್ಯಪ್. ನೀವೆಲ್ಲ ಗ್ರಾಹಕರ ಆ್ಯಪ್‌ಗೆ ಇಡೀ ಸೆಮಿಸ್ಟರ್ ಹಾಕಿ, ಇವನದನ್ನು ಕೊನೆಯ ವಾರದಲ್ಲಿ ಮಾಡಿದ್ದೀರಿ. ನೋಡಿದರೆ ಗೊತ್ತಾಗುತ್ತದೆ. ಗ್ರಾಹಕರು ಆ್ಯಪ್ ತೆರೆಯುವುದು ಯಾವಾಗಲೋ ಒಮ್ಮೆ. ಇವನು ದಿನವಿಡೀ ಅದರಲ್ಲೇ ಇರುತ್ತಾನೆ. ಏಪ್ರಿಲ್ ತಿಂಗಳು, ವಿಜಯಪುರ, ಮಧ್ಯಾಹ್ನ ಎರಡು ಗಂಟೆ, 40 ಡಿಗ್ರಿ ಬಿಸಿಲು. ಬೈಕ್ ಮೇಲೆ ಕೂತು ಒಂದು ಕೈಯಲ್ಲಿ ಪಾರ್ಸಲ್, ಇನ್ನೊಂದರಲ್ಲಿ ಫೋನ್. ನಿಮ್ಮ ಕಪ್ಪು ಹಿನ್ನೆಲೆಯ ಸ್ಕ್ರೀನ್‌ನಲ್ಲಿ ಅವನಿಗೆ ಕಾಣುವುದು ಅವನ ಮುಖವೇ! ಬಿಳಿ ಹಿನ್ನೆಲೆ, ದಪ್ಪ ಕಪ್ಪು ಅಕ್ಷರ ಇರಲಿ. ಗುಂಡಿ ಕನಿಷ್ಠ 48 ಡಿಪಿ (ಸ್ಕ್ರೀನ್ ಮೇಲಿನ ಅಳತೆ) ಇರಬೇಕು ಅಂತ ಆಂಡ್ರಾಯ್ಡ್ ಮಾರ್ಗಸೂಚಿಯೇ ಹೇಳುತ್ತದೆ, ಅಂದರೆ ಹತ್ತಿರ ಹತ್ತಿರ 9 ಮಿಲಿಮೀಟರ್. ಇವನಿಗೆ ಅದಕ್ಕಿಂತ ದೊಡ್ಡದು ಕೊಡಿ.

ನೆಟ್‌ವರ್ಕ್ ಇರುವುದಿಲ್ಲ ಅಂತಲೇ ಹಿಡಿದುಕೊಂಡು ಕಟ್ಟಿ. ಖಾನಾಪುರದ ಕಾಡಿನ ಕಡೆಯ ಹಳ್ಳಿಗಳಲ್ಲಿ ಸಿಗ್ನಲ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಹೇಳಲಾಗದು. ಬೆಳಿಗ್ಗೆ ಕಚೇರಿಯಲ್ಲೇ ಆ ದಿನದ ಪಟ್ಟಿ, ಧ್ವನಿ ವಿಳಾಸ, ಜಾಗದ ಗುರುತು ಎಲ್ಲ ಫೋನಿಗೆ ಇಳಿದಿರಬೇಕು. ಅವನು 'ಕೊಟ್ಟೆ' ಅಂತ ಒತ್ತಿದ್ದು ಫೋನಿನಲ್ಲೇ ದಾಖಲಾಗಿ, ಸಿಗ್ನಲ್ ಬಂದಾಗ ಸರ್ವರ್‌ಗೆ ಹೋಗಬೇಕು. ಸಿಗ್ನಲ್ ಇಲ್ಲದಾಗ ಜನ ಅದೇ ಗುಂಡಿಯನ್ನು ನಾಲ್ಕು ಸಲ ಒತ್ತುತ್ತಾರೆ. ಅದಕ್ಕೆ ಪ್ರತಿ ಡೆಲಿವರಿಗೂ ಫೋನಿನಲ್ಲೇ ಒಂದು ಗುರುತು ಸಂಖ್ಯೆ ಹುಟ್ಟಲಿ. ನಾಲ್ಕು ಸಲ ಹೋದರೂ ಸರ್ವರ್ ಒಂದನ್ನೇ ಲೆಕ್ಕಕ್ಕೆ ತಗೊಳ್ಳಲಿ.

ಓಟಿಪಿ ಬಗ್ಗೆ ಜಗಳವೇ ಜಾಸ್ತಿ. ಮಗ ಬೆಂಗಳೂರಿನಿಂದ ಮುಧೋಳದ ತಾಯಿಗೆ ಔಷಧಿ ಕಳಿಸಿದ. ಓಟಿಪಿ ಮಗನ ಫೋನಿಗೆ ಹೋಯಿತು. ಅವನು ಮೀಟಿಂಗ್‌ನಲ್ಲಿದ್ದಾನೆ. ತಾಯಿ ಬಾಗಿಲಲ್ಲಿ, ಹುಡುಗ ಬಿಸಿಲಲ್ಲಿ. ದುಡ್ಡು ಕೊಡುವವರ ನಂಬರ್ ಬೇರೆ, ಕೈಯಲ್ಲಿ ತಗೊಳ್ಳುವವರ ನಂಬರ್ ಬೇರೆ. ಇದನ್ನು ಬುಕಿಂಗ್‌ನಲ್ಲೇ ಕೇಳಿ. ಬಸ್ಸಿನ ಡಬ್ಬಿ ಮೇಲೆ ಎರಡು ನಂಬರ್ ಬರೆಯುತ್ತಾರಲ್ಲ, ಅವರಿಗೆ ಇದು ಗೊತ್ತಿತ್ತು. ಕೋಡ್ ಬಾಗಿಲಿಗೆ ಬಂದಾಗ ಹೋಗುವುದು ಬೇಡ, ಬೆಳಿಗ್ಗೆಯೇ ಹೋಗಲಿ. ಆಗ ಸಿಗ್ನಲ್ ಇಲ್ಲದ ಮನೆಯಲ್ಲೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು. ಆ ಕೋಡನ್ನು ಹುಡುಗನ ಫೋನಿನಲ್ಲಿ ಮುಚ್ಚಿಟ್ಟು ಅಲ್ಲೇ ತಾಳೆ ನೋಡೋಣ ಅಂತ ಜಾಣರು ಹೇಳುತ್ತೀರಿ. ನಾಲ್ಕು ಅಂಕಿಗೆ ಇರುವುದೇ 10,000 ಸಾಧ್ಯತೆ, ಹ್ಯಾಶ್ ಮಾಡಿದರೂ, ಅಂದರೆ ಗುರುತು ಸಿಗದಂತೆ ಬದಲಿಸಿಟ್ಟರೂ, ಎಲ್ಲವನ್ನೂ ಹಾಕಿ ನೋಡಿ ಕಂಡುಹಿಡಿಯುವುದು ಕಂಪ್ಯೂಟರ್‌ಗೆ ಕ್ಷಣದ ಕೆಲಸ. ಅವರು ಹೇಳಿದ ಕೋಡ್, ಸಮಯ, ಜಾಗ ಬರೆದಿಟ್ಟುಕೊಂಡು ಆಮೇಲೆ ಸರ್ವರ್‌ನಲ್ಲಿ ತಾಳೆ ನೋಡಿ. ದುಬಾರಿ ಮಾಲಿಗೆ ಮಾತ್ರ ಸಿಗ್ನಲ್ ಇದ್ದರೇ ಕೊಡುವ ನಿಯಮ ಇರಲಿ.

ಇನ್ನೊಂದು ಸ್ಕ್ರೀನ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಪಾರ್ಸಲ್ ಯಾಕೆ ಕೊಡಲಿಲ್ಲ ಎಂಬ ಪಟ್ಟಿ. ಸಾಮಾನ್ಯವಾಗಿ ಅದರಲ್ಲಿ ಏನಿರುತ್ತದೆ? ಮನೆಯಲ್ಲಿ ಯಾರೂ ಇರಲಿಲ್ಲ, ಫೋನ್ ಎತ್ತಲಿಲ್ಲ, ವಿಳಾಸ ಸಿಗಲಿಲ್ಲ, ಬೇಡ ಅಂದರು. ಎಲ್ಲವೂ ಗ್ರಾಹಕರ ತಪ್ಪೇ. ಸಂಜೆ ಏಳಾಯಿತು, ಇನ್ನೂ ಎಂಟು ಪಾರ್ಸಲ್ ಉಳಿದಿವೆ. ಹುಡುಗ ಏನು ಒತ್ತುತ್ತಾನೆ? 'ಯಾರೂ ಇರಲಿಲ್ಲ.' ಇಡೀ ದಿನ ಮನೆಯಲ್ಲೇ ಕಾದವರಿಗೆ ಆ ಸಂದೇಶ ಹೋಗುತ್ತದೆ. ಸಿಟ್ಟು ಬರದೆ ಇರುತ್ತದಾ? ಹುಡುಗ ಸುಳ್ಳ ಅಂತ ಎಲ್ಲರೂ ಬಯ್ಯುತ್ತಾರೆ. ನಿಜ ಹೇಳಲು ಗುಂಡಿಯೇ ಇಲ್ಲದಿದ್ದರೆ ಅವನೇನು ಮಾಡಬೇಕು? 'ಇವತ್ತು ಸಮಯ ಸಾಲಲಿಲ್ಲ' ಅಂತ ಒಂದು ಗುಂಡಿ ಸೇರಿಸಿ. ಅದನ್ನು ಒತ್ತಿದರೆ ಸಂಬಳ ಕಡಿತ ಆಗಬಾರದು ಅಂತ ಮಾಲೀಕರಿಗೂ ಹೇಳಿ. ಅದು ಡಿಸೈನ್ ಮಾಡುವವರ ಕೆಲಸವಲ್ಲ ಅನ್ನಬೇಡಿ.

ಟ್ರ್ಯಾಕಿಂಗ್‌ಗೆ ಜಾಸ್ತಿ ಹೊತ್ತು ಬೇಡ. ಊಟ ತರುವ ಆ್ಯಪ್‌ಗೆ ಓಡುವ ಬೈಕ್ ಸರಿ, ಎರಡು ದಿನದ ಪಾರ್ಸಲ್‌ಗೆ ಅದು ಬರೀ ಬ್ಯಾಟರಿ ಖರ್ಚು. 'ಬೆಳಿಗ್ಗೆ ಮುಧೋಳಕ್ಕೆ ಬಂದಿದೆ. ಇಂದು 2ರಿಂದ 5ರೊಳಗೆ ಮನೆಗೆ ಬರುತ್ತದೆ.' ಎರಡು ಸಾಲು. ತಡವಾದರೆ ಮೂರನೇ ಸಾಲು, ಯಾಕೆ ಮತ್ತು ಇನ್ನು ಯಾವಾಗ ಅಂತ.

ಭಾಷೆಗೆ ಬರೋಣ. ಬೆಳಗಾವಿಯಲ್ಲಿ ಕೂತು ಆ್ಯಪ್ ಮಾಡುವವರು ಕನ್ನಡ, ಮರಾಠಿ, ಉರ್ದು, ಹಿಂದಿ ಎಲ್ಲವನ್ನೂ ನೋಡಬೇಕು. ಮೊದಲ ಸ್ಕ್ರೀನ್‌ನಲ್ಲೇ ಕೇಳಿಬಿಡಿ. ಫೋನ್ ಇಂಗ್ಲಿಷ್‌ನಲ್ಲಿದೆ ಅಂದ ಮಾತ್ರಕ್ಕೆ ಮನುಷ್ಯನಿಗೆ ಇಂಗ್ಲಿಷೇ ಬೇಕು ಅಂತ ಅಲ್ಲ. ಕನ್ನಡ ಹಾಕಿದ ಮೇಲೆ ಸಾಲುಗಳ ನಡುವಿನ ಜಾಗ ನೋಡಿ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ ಗುಂಡಿಯಲ್ಲಿ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ.

ಎಸ್ಎಂಎಸ್‌ನಲ್ಲಿ ಲೆಕ್ಕ ಇನ್ನೂ ಬಿಗಿ. ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಒತ್ತು, ಕೊಂಬು, ಗುಡಿಸು ಎಲ್ಲ ಬೇರೆ ಬೇರೆ ಎಣಿಕೆ. 'ನಿಮ್ಮ' ಅನ್ನುವುದೇ ಐದು. ಹಾಗಂತ ಇಂಗ್ಲಿಷ್‌ಗೆ ಓಡಬೇಕಿಲ್ಲ. 'ನಿಮ್ಮ ಪಾರ್ಸಲ್ ಇಂದು ಮಧ್ಯಾಹ್ನ 2ರಿಂದ 5ರೊಳಗೆ ಬರುತ್ತದೆ. ಕೋಡ್ 4821'. ಎಣಿಸಿ ನೋಡಿ, ಖಾಲಿ ಜಾಗ ಸೇರಿ 60. 'ಮಾನ್ಯ ಗ್ರಾಹಕರೇ, ನಮ್ಮ ಸೇವೆಯನ್ನು ಆಯ್ಕೆ ಮಾಡಿಕೊಂಡಿದ್ದಕ್ಕೆ ಧನ್ಯವಾದಗಳು' ಅಂತ ಶುರು ಮಾಡಿದರೆ ಕೋಡ್ ಬರುವುದು ಎರಡನೇ ಸಂದೇಶದಲ್ಲಿ. ಈ ಸಂದೇಶಗಳ ಮಾದರಿಯನ್ನು ಮೊದಲೇ ಡಿಎಲ್‌ಟಿಯಲ್ಲಿ, ಅಂದರೆ ಟೆಲಿಕಾಂ ಕಂಪನಿಗಳ ಸಂದೇಶ ನೋಂದಣಿ ವ್ಯವಸ್ಥೆಯಲ್ಲಿ, ನೋಂದಾಯಿಸಬೇಕು ಅನ್ನುವುದೂ ನೆನಪಿರಲಿ, ಕೊನೆಯ ದಿನ ಓಡಾಡಬೇಡಿ.

ಇಷ್ಟೆಲ್ಲ ಕೇಳಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು, "ಹಂಗಾರ ಕಾಲ್ ಬಟನ್ ತೆಗೆದುಬಿಡೋದಾ ಸರ್?" ಬೇಡವೇ ಬೇಡ. ಎಲ್ಲ ಸ್ಕ್ರೀನ್‌ನಲ್ಲೂ ಇರಲಿ. ತೆಗೆದರೆ ಜನ ಪ್ಯಾಕೆಟ್ ಮೇಲಿನ ನಂಬರ್ ನೋಡಿ ಮಾಡುತ್ತಾರೆ, ನಿಮಗೆ ಗೊತ್ತೂ ಆಗುವುದಿಲ್ಲ. ಅಂದಹಾಗೆ, ಪ್ಯಾಕೆಟ್ ಮೇಲೆ ಪೂರ್ತಿ ನಂಬರ್ ಹಾಕಬೇಡಿ, ಕೊನೆಯ ನಾಲ್ಕು ಅಂಕಿ ಸಾಕು. ಹೆಣ್ಣುಮಕ್ಕಳು ಇದನ್ನು ಮೊದಲು ಗಮನಿಸುತ್ತಾರೆ. ಕಾಲ್ ಬಟನ್‌ನಿಂದ ಹೋಗುವ ಕರೆ ಎರಡೂ ಕಡೆಯವರ ನಂಬರ್ ಮುಚ್ಚಿಕೊಂಡು ಹೋಗಲಿ. ಯಾವ ಸ್ಕ್ರೀನ್‌ನಿಂದ ಎಷ್ಟು ಕರೆ ಹೋದವು ಅಂತ ಬರೆದಿಡಿ. ಯಾವ ಸ್ಕ್ರೀನ್ ಮೊದಲು ತಿದ್ದಬೇಕು ಎಂಬುದು ಆ ಪಟ್ಟಿಯಲ್ಲೇ ಇರುತ್ತದೆ.

ಪರೀಕ್ಷೆ ಮಾಡುವಾಗ ಹಾಸ್ಟೆಲ್‌ನ ಗೆಳೆಯರಿಗೆ ಕೊಡಬೇಡಿ, ಅವರಿಗೆ ಎಲ್ಲ ಆ್ಯಪ್ ಸುಲಭವೇ. ಪಂಚಮಿ ಹೊತ್ತಿಗೆ ಉಂಡಿ ಕಳಿಸುವ ತಾಯಂದಿರಿಗೆ ಕೊಡಿ. ಟ್ರಾನ್ಸ್‌ಪೋರ್ಟ್ ಕಚೇರಿಯ ಗುಮಾಸ್ತರಿಗೆ ಕೊಡಿ. ಹುಡುಗನ ಆ್ಯಪ್‌ ಅನ್ನು ಮಧ್ಯಾಹ್ನ ಬಯಲಿನಲ್ಲಿ ನಿಂತು, ಗಾಜು ಒಡೆದ ಹಳೇ ಫೋನಿನಲ್ಲಿ ನೋಡಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅದನ್ನು ಬರೆದುಕೊಳ್ಳಿ.

ಕೊನೆಗೆ ಒಬ್ಬರು ಕ್ಯಾಶ್ ಆನ್ ಡೆಲಿವರಿ ಬಗ್ಗೆ ಕೇಳಿದರು. ಯುಪಿಐ 2016ರಲ್ಲಿ ಬಂದ ಮೇಲೆ ಚಿಲ್ಲರೆ ಜಗಳ ಕಡಿಮೆಯಾಗಿದೆ, ಆದರೆ ಹೊಸ ಜಗಳ ಬಂದಿದೆ. ಗ್ರಾಹಕರು ತಮ್ಮ ಫೋನ್ ತೋರಿಸಿ "ಹೋಗೇತಿ ನೋಡ್ರಿ" ಅನ್ನುತ್ತಾರೆ. ಅದು ನಿನ್ನೆಯ ಸ್ಕ್ರೀನ್‌ಶಾಟ್ ಕೂಡ ಆಗಿರಬಹುದು. ಆ ಪಾರ್ಸಲ್‌ನ ಮೊತ್ತಕ್ಕೇ ಕಟ್ಟಿದ ಕ್ಯೂಆರ್ ಹುಡುಗನ ಫೋನಿನಲ್ಲಿ ಬರಲಿ. ಬ್ಯಾಂಕಿನಿಂದ ಉತ್ತರ ಬಂದಾಗ ಅವನ ಫೋನೇ ಜೋರಾಗಿ 'ಹಣ ಬಂದಿದೆ' ಅನ್ನಲಿ, ಅಂಗಡಿಗಳ ಸೌಂಡ್‌ಬಾಕ್ಸ್ ಹೇಳುವ ಹಾಗೆ. ಅಲ್ಲಿಯವರೆಗೆ 'ಕೊಟ್ಟೆ' ಗುಂಡಿ ತೆರೆಯಬಾರದು. ಸಿಗ್ನಲ್ ಇಲ್ಲದ ಊರಾದರೆ ಬೆಳಗಿನ ಸಂದೇಶದಲ್ಲೇ 'ನಗದು ಇಟ್ಟಿರಿ, 340 ರೂಪಾಯಿ' ಅಂತ ಮೊತ್ತ ಹಾಕಿ ಕಳಿಸಿ.